ಹೊಲಿಗೆ ಹಾಕಿದ ಮಾತ್ರಕ್ಕೆ ಹೊಣೆ ಮುಗಿಯದು

ರಾತ್ರಿಯಿಡೀ ರೋಗಿಯನ್ನು ನೋಡಿಕೊಳ್ಳಲು ಸಿಬ್ಬಂದಿ ಇಲ್ಲದ ಆಸ್ಪತ್ರೆ ಶಸ್ತ್ರಚಿಕಿತ್ಸೆ ಮಾಡಲು ಅರ್ಹವಲ್ಲ. ನಂಜನಗೂಡು, ತಿ.ನರಸೀಪುರದಂಥ ತಾಲ್ಲೂಕು ಕೇಂದ್ರಗಳ ಸಾರ್ವಜನಿಕ ಆಸ್ಪತ್ರೆಗಳನ್ನು ಇನ್ನು ಮುಂದೆ ಅಳೆಯಬೇಕಾದುದು ಈ ಒಂದೇ ಮಾನದಂಡದಿಂದ. ಎಷ್ಟು ಸಿಸೇರಿಯನ್ ಆದವು, ಎಷ್ಟು ಮಂದಿಗೆ ಸಂತಾನಹರಣ ಚಿಕಿತ್ಸೆ ಆಯಿತು ಎಂಬ ಲೆಕ್ಕ ತಿಂಗಳು ತಿಂಗಳೂ ಮೇಲಧಿಕಾರಿಗಳನ್ನು ತಲುಪುತ್ತದೆ. ಆ ರಾತ್ರಿ ವಾರ್ಡಿನಲ್ಲಿ ಎಷ್ಟು ಮಂದಿ ನರ್ಸ್‌ಗಳಿದ್ದರು, ಬಾಣಂತಿಯ ಬಿ.ಪಿ.ಯನ್ನು ಎಷ್ಟು ಸಲ ನೋಡಿದರು ಎಂಬ ಪ್ರಶ್ನೆ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಏಳುವುದೇ ಅಪರೂಪ.

ಈ ಉಪೇಕ್ಷೆಯ ಬೆಲೆ ಏನೆಂಬುದು ರಾಜ್ಯಕ್ಕೆ ಗೊತ್ತಿರಬೇಕಿತ್ತು. 2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ 34 ಸಿಸೇರಿಯನ್‌ಗಳು ನಡೆದವು. ಏಳು ಬಾಣಂತಿಯರ ಮೂತ್ರಪಿಂಡ ಮತ್ತಿತರ ಅಂಗಗಳು ಕೈಕೊಟ್ಟವು. ಐವರು ಪ್ರಾಣ ಬಿಟ್ಟರು. ಅವರಿಗೆ ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಬಿತ್ತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಔಷಧದ ಗುಣಮಟ್ಟದ ಚರ್ಚೆ ನಡೆದದ್ದು ಸರಿಯೇ. ಆದರೆ ದೋಷ ದ್ರಾವಣದ್ದಿರಲಿ, ಕತ್ತರಿಯದ್ದಿರಲಿ, ಅದರ ಮೊದಲ ಸುಳಿವು ಕಾಣುವುದು ಹಾಸಿಗೆಯ ಪಕ್ಕದಲ್ಲಿ: ಮೂತ್ರದ ಚೀಲ ತುಂಬದಿರುವುದರಲ್ಲಿ, ಏರುತ್ತಿರುವ ನಾಡಿಯಲ್ಲಿ. ಹೊಟ್ಟೆಯೊಳಗೆ ರಕ್ತ ಸೋರುವಾಗ ಸಾಮಾನ್ಯವಾಗಿ ಮೊದಲು ನಾಡಿ ಏರುತ್ತದೆ, ಆಮೇಲಷ್ಟೇ ಬಿ.ಪಿ. ಇಳಿಯುತ್ತದೆ. ನಡುವಿನ ಆ ಹೊತ್ತೇ ಜೀವ ಉಳಿಸುವ ಹೊತ್ತು.

ಆಫ್ರಿಕಾದ 25 ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಎತ್ತಿ ತೋರಿಸಿತು. ಶಸ್ತ್ರಚಿಕಿತ್ಸೆಗೆ ಒಳಗಾಗಿ ಸತ್ತವರಲ್ಲಿ ಶೇ 94ರಷ್ಟು ಮಂದಿ ಕೊನೆಯುಸಿರೆಳೆದದ್ದು ಆಪರೇಷನ್ ನಡೆದ ದಿನವಲ್ಲ, ಅದರ ನಂತರದ ದಿನಗಳಲ್ಲಿ. ಹೀಗಿರುವಾಗ ಥಿಯೇಟರ್ ಬಾಗಿಲಲ್ಲೇ 'ಆಪರೇಷನ್ ಸಕ್ಸಸ್' ಎಂದು ಹೇಳಿ ಕೈತೊಳೆದುಕೊಳ್ಳುವುದು ವೈದ್ಯಕೀಯವಲ್ಲ.

ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಸರ್ಕಾರಿ ವಾರ್ಡುಗಳಲ್ಲಿ ಮಲಗೆದ್ದು ಬಂದವರಿಗೆ ವಾಸ್ತವ ಗೊತ್ತು. ಡ್ರಿಪ್ ಮುಗಿಯಿತೆಂದು ನರ್ಸನ್ನು ಹುಡುಕಿಕೊಂಡು ಓಡುವುದು, ಬಟ್ಟೆ ಒದ್ದೆಯಾದುದನ್ನು ಕಂಡು ಗಾಬರಿಯಾಗುವುದು ಜೊತೆಗೆ ಬಂದ ತಾಯಿಯ, ಅತ್ತೆಯ ಪಾಲಿಗೆ ಬಿದ್ದಿದೆ. ಇದು ನರ್ಸ್‌ಗಳ ತಪ್ಪಲ್ಲ. ಹುದ್ದೆ ಖಾಲಿ ಬಿಟ್ಟು ಇದ್ದವರ ಮೇಲೆ ಹೊರೆ ಹೇರುವವರ ತಪ್ಪು.

ಮೈಸೂರು ಹತ್ತಿರವೇ ಇದೆ, ಕಷ್ಟ ಬಂದರೆ ಚೆಲುವಾಂಬ ಇಲ್ಲವೇ ಕೆ.ಆರ್. ಆಸ್ಪತ್ರೆಗೆ ಕಳಿಸಬಹುದು ಎಂಬ ಸಮಜಾಯಿಷಿಯನ್ನು ಒಪ್ಪಲಾಗದು. ಕಷ್ಟ ಬಂದಿದೆಯೆಂದು ಗುರುತಿಸಲು ಯಾರೂ ಇಲ್ಲದಿದ್ದರೆ, ಬೆಳಗಿನ ಜಾವ ಹೊರಡುವ ಆಂಬುಲೆನ್ಸ್‌ಗೆ ದಾರಿ ಎಷ್ಟು ಚಿಕ್ಕದಾದರೇನು?

ಮನೆಗೆ ಕಳಿಸುವುದರಲ್ಲೂ ಇದೇ ಅಸಡ್ಡೆ ನುಸುಳಬಾರದು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ, ಸಿಸೇರಿಯನ್ ಆದ ತಾಯಿಗೆ ಏಳು ದಿನದವರೆಗೆ ಉಚಿತ ಊಟ, ಔಷಧ, ಮನೆಗೆ ಮರಳಲು ವಾಹನ ಸಿಗಬೇಕು. ಆಶಾ ಕಾರ್ಯಕರ್ತೆಯರ ಮನೆಭೇಟಿಯ ವೇಳಾಪಟ್ಟಿಯೂ ಇಂಥ ಹೆರಿಗೆಗಳಲ್ಲಿ ಏಳನೇ ದಿನದಿಂದಲೇ ಶುರುವಾಗುತ್ತದೆ. ಹಾಸಿಗೆ ಸಾಲದೆಂದು ಮೂರನೇ ದಿನ ಡಿಸ್ಚಾರ್ಜ್ ಮಾಡಿದರೆ, ಗಾಯ ಕೀವಾಗುವ ದಿನಗಳಲ್ಲಿ ಆಕೆಯನ್ನು ನೋಡುವವರೇ ಇಲ್ಲ. ನಾಟಿ, ಕಳೆ, ಕಬ್ಬಿನ ಕೆಲಸ ಕಾದಿರುವ ಮನೆಯಲ್ಲಿ ಆಕೆ ಜ್ವರವನ್ನು ಬಾಯಿಬಿಟ್ಟು ಹೇಳುವಳೆಂದು ನಂಬಿ ಕೂರುವಂತಿಲ್ಲ.

ಆಗಬೇಕಾದುದು ಸ್ಪಷ್ಟ. ರಾತ್ರಿ ಪಾಳಿಯ ನರ್ಸ್ ಮತ್ತು ವೈದ್ಯರ ಹೆಸರು ವಾರ್ಡಿನ ಗೋಡೆಯ ಮೇಲಿರಲಿ. ನಾಡಿ, ಬಿ.ಪಿ., ಮೂತ್ರದ ಪ್ರಮಾಣ ಕೇಸ್ ಶೀಟಿನಲ್ಲಿ ಸಮಯ, ಸಹಿಯೊಂದಿಗೆ ದಾಖಲಾಗಲಿ. ರೆಫರ್ ಆದ ರೋಗಿಯ ಜೊತೆ ಅದರ ಪ್ರತಿಯೂ ಮೈಸೂರಿಗೆ ಹೋಗಲಿ. ಆಪರೇಷನ್ ಮಾಡಿದ ವೈದ್ಯರು ಅದೇ ರಾತ್ರಿ ರೋಗಿಯನ್ನು ನೋಡಲಿ. 30 ದಿನಗಳೊಳಗಿನ ಪ್ರತಿ ಸಾವು, ಪ್ರತಿ ಸೋಂಕಿನ ಕಾರಣವನ್ನು ಆರೋಗ್ಯ ರಕ್ಷಾ ಸಮಿತಿ ಪರಿಶೀಲಿಸಿ ಜನರ ಮುಂದಿಡಲಿ. ಖಾಲಿ ಹುದ್ದೆಗಳನ್ನು ಸರ್ಕಾರ ತುಂಬಲಿ.

ಇಷ್ಟೂ ಆಗುವ ತನಕ, ರಾತ್ರಿ ಪಾಳಿಗೆ ಸಾಕಷ್ಟು ಸಿಬ್ಬಂದಿ ಇಲ್ಲದ ದಿನ ತುರ್ತಲ್ಲದ ಯಾವ ಶಸ್ತ್ರಚಿಕಿತ್ಸೆಯನ್ನೂ ಕೈಗೆತ್ತಿಕೊಳ್ಳಕೂಡದು. ಗುರಿ ತಪ್ಪಿದರೆ ತಪ್ಪಲಿ. ಆ ಲೆಕ್ಕಕ್ಕೆ ಅಧಿಕಾರಿಗಳು ಉತ್ತರ ಕೊಟ್ಟುಕೊಳ್ಳಬಹುದು, ಹೋದ ಜೀವಕ್ಕೆ ಯಾರೂ ಉತ್ತರ ಕೊಡಲಾರರು.