ಆನೆಯ ಲೆಕ್ಕ, ಮಕ್ಕಳ ಲೆಕ್ಕ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಾಗಲಿ ಹರಿಹರದಲ್ಲಾಗಲಿ, ನಡುವಯಸ್ಸು ದಾಟಿದವರ ಮುಂದೆ ವೀರಪ್ಪನ್ನನ ಹೆಸರೆತ್ತಿದರೆ ಅವರು ಮೊದಲು ನೆನೆಯುವುದು ಡಾ. ರಾಜ್‌ಕುಮಾರರ ಅಪಹರಣವನ್ನು. 2000ದ ಜುಲೈ 30ರಂದು ಗಾಜನೂರಿನಿಂದ ಒಯ್ಯಲ್ಪಟ್ಟ ವರನಟರು 108 ದಿನಗಳ ಬಳಿಕ ಬಿಡುಗಡೆಯಾದರು. ಆ ದಿನಗಳನ್ನು ನಾಡು ಒಂದೊಂದಾಗಿ ಎಣಿಸಿತು. ಅದೇ ಕಾಡಿನಂಚಿನ ಊರುಗಳಲ್ಲಿ, 1990ರ ದಶಕದುದ್ದಕ್ಕೂ ಬಂದೂಕುಗಳ ನಡುವೆ ಬೆಳೆದ ಮಕ್ಕಳ ದಿನಗಳನ್ನು ಎಣಿಸಿದವರು ಯಾರು?

ಆ ಕಲಹದ ಬೇರು ದಂತದಲ್ಲಿತ್ತು. ಏಷ್ಯದ ಆನೆಗಳಲ್ಲಿ ಉದ್ದನೆಯ ದಂತವಿರುವುದು ಗಂಡಿಗೆ ಮಾತ್ರ. ಆದುದರಿಂದ ಬೇಟೆಗಾರನ ಗುಂಡಿಗೆ ಸಲಗಗಳೇ ಗುರಿಯಾದುವು. ಮರಿಗಳು ಹೆಣ್ಣಾನೆಗಳ ಹಿಂಡಿನಲ್ಲಿ, ತಾಯಿ ಅಜ್ಜಿಯರ ಕಾಲಡಿಯಲ್ಲಿ ಬೆಳೆಯುವುವು. ಸಲಗ ಸತ್ತರೂ ಮರಿ ತಬ್ಬಲಿಯಾಗದು. ದಂತಕ್ಕಾಗಿ ಹಾರಿದ ಗುಂಡಿನ ಬೆನ್ನಲ್ಲೇ ಹಾರಿದ ಗುಂಡುಗಳು ಮಾತ್ರ ಮನುಷ್ಯರ ಮಕ್ಕಳನ್ನು ತಬ್ಬಲಿಗಳನ್ನಾಗಿ ಮಾಡಿದುವು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಮಡಿದರು. ಅವರಲ್ಲಿ ಪೊಲೀಸರೂ ಇದ್ದರು, ಅವರಿಗೆ ನೆರವಾಗಿದ್ದ ಹಳ್ಳಿಗರೂ ಇದ್ದರು. ಸಮವಸ್ತ್ರ ತೊಟ್ಟವನ ಮಗುವಿನ ದುಃಖಕ್ಕೂ ತೊಡದವನ ಮಗುವಿನ ದುಃಖಕ್ಕೂ ವ್ಯತ್ಯಾಸವೆಲ್ಲಿಯದು?

ಬಳಿಕ ಶೋಧ ಬಿಗಿಯಾಯಿತು. ಟಾಡಾ ಕಾಯಿದೆಯಡಿ ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಯನ್ನು ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ನಿರ್ದೋಷಿಗಳೆಂದು ಬಿಟ್ಟಿತು. 1993ರಲ್ಲಿ ಸೆರೆಯಾದವನ ಆರು ವರ್ಷದ ಮಗಳು, ತಂದೆ ಮನೆಗೆ ಮರಳಿದಾಗ ಹದಿನಾಲ್ಕರ ಹುಡುಗಿ. ಕಾರ್ಯಪಡೆಗಳ ಮೇಲಿನ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಆಯೋಗ ಶಿಫಾರಸು ಮಾಡಿತು. ಅದು ಉಚಿತವೇ. ಆದರೆ ಅಷ್ಟರಲ್ಲಿ ಆ ಹುಡುಗಿಗೆ ಇಪ್ಪತ್ತು ತುಂಬಿತ್ತು. ತಪ್ಪಿಹೋದ ತರಗತಿಗಳನ್ನು ಯಾವ ಖಜಾನೆ ತಾನೆ ಮರಳಿಸೀತು?

ಇದು ಯುದ್ಧವಲ್ಲ, ಕಾನೂನು ಪಾಲನೆಯ ಪ್ರಶ್ನೆ ಎನ್ನುವವರುಂಟು. ಪಂಡಿತರು ಹಾಗೆ ವಿಂಗಡಿಸಿಕೊಳ್ಳಲಿ; ನಡುರಾತ್ರಿ ಬಾಗಿಲು ಬಡಿದ ಸದ್ದಿಗೆ ಬೆಚ್ಚಿದ ಕೂಸಿಗೆ ಆ ವಿಂಗಡಣೆ ತಿಳಿಯದು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 39ನೆಯ ವಿಧಿಯು ಸಶಸ್ತ್ರ ಸಂಘರ್ಷಕ್ಕೆ ಸಿಕ್ಕಿದ ಮಗುವನ್ನೂ ಹಿಂಸೆಗೋ ನಿರ್ಲಕ್ಷ್ಯಕ್ಕೋ ಈಡಾದ ಮಗುವನ್ನೂ ಒಂದೇ ಸಾಲಿನಲ್ಲಿರಿಸಿದೆ. ಅವರ ಚೇತರಿಕೆಯ ಹೊಣೆಯನ್ನು ಸರ್ಕಾರಗಳಿಗೆ ಒಪ್ಪಿಸಿದೆ. ಭಾರತವು ಆ ಒಡಂಬಡಿಕೆಗೆ ಸೇರಿದುದು 1992ರಲ್ಲಿ. ಕೇಂದ್ರ ಸರ್ಕಾರದ ಆನೆ ಯೋಜನೆ ಆರಂಭವಾದುದೂ ಅದೇ ವರ್ಷ. ಆನೆಗಳ ಗಣತಿ ನಡೆಯುತ್ತ ಬಂದಿತು; 2023ರಲ್ಲಿ ಕರ್ನಾಟಕದ ಲೆಕ್ಕ 6,395. ಈ ಎಣಿಕೆ ಬೇಕಾದುದೇ, ಎಣಿಸದುದನ್ನು ಕಾಯುವುದು ಕಷ್ಟ. ಮಕ್ಕಳ ವಿಷಯದಲ್ಲಿ ಈ ಮಾತನ್ನು ಮರೆತದ್ದೇಕೆ ಎಂಬುದೇ ವಿಷಾದ.

ಎರಡನ್ನೂ ಒಂದೇ ಕೆಲಸವೆಂದು ಕಂಡ ಅಧಿಕಾರಿಯೊಬ್ಬರಿದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ವೀರಪ್ಪನ್ನನ ಹುಟ್ಟೂರಾದ ಗೋಪಿನಾಥಂಗೆ ಔಷಧದ ನೆರವು ಒದಗಿಸಿದರು. ಊರವರ ಮಾರಿಯಮ್ಮನ ಗುಡಿಗೆ ಕೈಜೋಡಿಸಿದರು. ಕಾಡು ಉಳಿಯಬೇಕಾದರೆ ಕಾಡಿನಂಚಿನ ಮನೆ ನೆಮ್ಮದಿಯಾಗಿರಬೇಕೆಂಬ ತಿಳಿವು ಅವರದು. 1991ರ ನವೆಂಬರ್ 10ರಂದು, ಶರಣಾಗುವೆನೆಂಬ ಮಾತನ್ನು ನಂಬಿ ಹೋದ ಅವರನ್ನು ವೀರಪ್ಪನ್ ಕೊಂದನು. ಕೀರ್ತಿಚಕ್ರ ಮರಣಾನಂತರ ಸಂದಿತು. ಅವರ ಧೈರ್ಯವನ್ನು ಎಲ್ಲರೂ ಹೊಗಳುವರು, ಅವರ ಔಷಧದ ಪೆಟ್ಟಿಗೆಯನ್ನು ನೆನೆಯುವವರು ಕಡಿಮೆ.

2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು, ಕಡತಗಳು ಮುಚ್ಚಿದುವು. ಅಂದಿನ ಮಕ್ಕಳು ಇಂದು ತಾವೇ ತಂದೆತಾಯಿಗಳು. ಆದರೂ ಲೆಕ್ಕ ತೆಗೆಯುವ ಕಾಲ ಮೀರಿಲ್ಲ. ಬೆಟ್ಟದೂರುಗಳ ಶಾಲೆಗಳಲ್ಲಿ ಹಳೆಯ ದಾಖಲಾತಿ ಪುಸ್ತಕಗಳು ಇನ್ನೂ ಉಳಿದಿದ್ದರೆ, ನಡುವೆಯೇ ಶಾಲೆ ಬಿಟ್ಟವರ ಹೆಸರುಗಳು ಅವುಗಳಲ್ಲಿ ಸಿಕ್ಕಾವು. ಮಾದೇಶ್ವರ ಬೆಟ್ಟದ ಸೀಮೆಯಲ್ಲಿ ಯಾರಾದರೂ ಒಬ್ಬ ಉಪಾಧ್ಯಾಯರು ಆ ಪುಸ್ತಕವನ್ನು ಬಿಚ್ಚಿ, 1990ರ ಪುಟದಿಂದ ಓದತೊಡಗಬೇಕಾಗಿದೆ.