ಹೊಗೆಬಂಡಿಯ ಹೊಗೆ ಯಾರ ಪಾಲಿಗೆ?

ಇಂಗ್ಲಿಷರು ತಮ್ಮ ಹೊಸ ಬಂಡಿಗೆ ಅದು ಓಡುವ ಕಂಬಿಯ ಹೆಸರನ್ನಿಟ್ಟರು. ನಮ್ಮ ಪಂಡಿತರು ಅದನ್ನು ಓಡಿಸುವ ಶಕ್ತಿಯನ್ನು ನೋಡಿ ಉಗಿಬಂಡಿಯೆಂದು ಬರೆದರು. ಜನಸಾಮಾನ್ಯರು ಇವೆರಡನ್ನೂ ಬದಿಗಿಟ್ಟು ಹೊಗೆಬಂಡಿಯೆಂದು ಕರೆದರು. ಇದು ಅಜ್ಞಾನದಿಂದ ಬಂದ ಹೆಸರಲ್ಲ. ಕಂಬಿಯನ್ನು ಹಾಸಿದವನಿಗೆ ಕಂಬಿ ಕಂಡಿತು. ಪುಸ್ತಕವನ್ನು ಓದಿದವನಿಗೆ ಉಗಿ ತಿಳಿಯಿತು. ಮೂರನೆಯ ತರಗತಿಯ ಹಲಗೆಯ ಮೇಲೆ ಕುಳಿತವನ ಕಣ್ಣಿಗೆ ಬಿದ್ದುದು ಹೊಗೆಯೇ. ಕಣ್ಣಿಗೆ ಬಿದ್ದುದೆಂದರೆ ಅಲಂಕಾರದ ಮಾತಲ್ಲ. ಇದ್ದಲ ಚೂರು ನಿಜವಾಗಿಯೇ ಬೀಳುತ್ತಿತ್ತು.

ಆ ಬಂಡಿ ಹೋಯಿತು. ಅದರ ಮೇಲಣ ಮೋಹವು ಮಾತ್ರ ಉಳಿದಿದೆ. ಉಗಿಯಂತ್ರದ ಚಿತ್ರವನ್ನು ಗೋಡೆಗೆ ತೂಗಹಾಕಿ ನಿಟ್ಟುಸಿರುಬಿಡುವ ಮಹನೀಯರನ್ನು ನಾವು ಕಂಡಿದ್ದೇವೆ. ಅವರ ರಸಿಕತೆಗೆ ನಮ್ಮ ಅಡ್ಡಿಯಿಲ್ಲ. ಆದರೆ ಅವರು ಅದರ ಜೊತೆಗೆ ಇನ್ನೊಂದು ಮಾತನ್ನು ಆಡುತ್ತಾರೆ: ಆ ಕಾಲದಲ್ಲಿ ಹೊಗೆ ಧೂಳುಗಳು ಅನಿವಾರ್ಯವಾಗಿದ್ದವು, ಯಾರ ತಪ್ಪೂ ಅಲ್ಲ, ವಿಜ್ಞಾನ ಬೆಳೆದಂತೆ ಅವು ತಾವಾಗಿಯೇ ಹೋದವು ಎಂದು. ಇದು ಸುಳ್ಳು. ಬರಿಯ ಸುಳ್ಳಾಗಿದ್ದರೆ ಸುಮ್ಮನಿರಬಹುದಾಗಿತ್ತು. ಇಂದಿನ ದಿನವೂ ಕೆಲಸಕ್ಕೆ ಬರುವ ಸುಳ್ಳಾದುದರಿಂದ ಇದನ್ನು ಬಿಚ್ಚಿ ತೋರಿಸಬೇಕಾಗಿದೆ.

ಮೊದಲು ಚರಿತ್ರೆಯನ್ನು ನೋಡೋಣ. 1829ರ ಅಕ್ಟೋಬರಿನಲ್ಲಿ ಲಿವರ್‌ಪೂಲ್ ಮ್ಯಾಂಚೆಸ್ಟರ್ ರೈಲ್ವೆಯವರು ರೈನ್‌ಹಿಲ್ ಎಂಬಲ್ಲಿ ಯಂತ್ರಗಳ ಪಂದ್ಯವನ್ನೇರ್ಪಡಿಸಿದರಷ್ಟೆ. ಆ ಪಂದ್ಯದ ನಿಬಂಧನೆಗಳಲ್ಲಿ ಒಂದು, ಯಂತ್ರವು ತನ್ನ ಹೊಗೆಯನ್ನು ತಾನೇ ಸುಟ್ಟುಕೊಳ್ಳತಕ್ಕದ್ದೆಂಬುದು. ಗೆದ್ದ 'ರಾಕೆಟ್' ಯಂತ್ರವು ಉರಿಸಿದ್ದು ಹಸಿ ಕಲ್ಲಿದ್ದಲನ್ನಲ್ಲ, ಕೋಕನ್ನು. ಕಲ್ಲಿದ್ದಲನ್ನು ಮೊದಲೇ ಬೇಯಿಸಿ ಅದರೊಳಗಣ ಅನಿಲವನ್ನೆಲ್ಲ ಓಡಿಸಿದರೆ ಉಳಿಯುವುದೇ ಕೋಕು, ಅದಕ್ಕೆ ಹೊಗೆಯಿಲ್ಲವೆನ್ನಬಹುದು. ಅಂದರೆ ಪ್ರಯಾಣಿಕರ ರೈಲು ಹುಟ್ಟಿದ ದಿನವೇ ಹೊಗೆಯನ್ನು ತಡೆಯುವ ಉಪಾಯವೂ ಅದರ ಜೊತೆಯಲ್ಲಿ ಹುಟ್ಟಿತ್ತು. 1845ರ ಇಂಗ್ಲೆಂಡಿನ ರೈಲ್ವೆ ಶಾಸನವು ಇದನ್ನು ಕಾನೂನಾಗಿಯೇ ಮಾಡಿ, ತಪ್ಪಿದ ಯಂತ್ರಕ್ಕೆ ದಿನವೊಂದಕ್ಕೆ 5 ಪೌಂಡಿನ ದಂಡವನ್ನು ಗೊತ್ತುಮಾಡಿತು. ಕೋಕು ತುಟ್ಟಿಯಾಯಿತೆಂದು ಕಂಪೆನಿಗಳು ಗೊಣಗಿದಾಗ, ಹಸಿ ಕಲ್ಲಿದ್ದಲನ್ನೇ ಹೊಗೆಯಿಲ್ಲದೆ ಉರಿಸುವ ಕುಲುಮೆಯೂ 1860ರ ಹೊತ್ತಿಗೆ ಮಿಡ್‌ಲೆಂಡ್ ರೈಲ್ವೆಯಲ್ಲಿ ಸಿದ್ಧವಾಯಿತು.

ಆ ಕುಲುಮೆಯ ಮರ್ಮವನ್ನು ಉಪಾಧ್ಯಾಯ ಬಂಧುಗಳು ಹುಡುಗರಿಗೆ ಹೇಳಿಕೊಡಬಹುದು, ಅಷ್ಟು ಸರಳ. ಹೊಗೆಯೆಂಬುದು ಉರಿಯದೆ ಉಳಿದ ಇದ್ದಲು. ಹಸಿ ಇದ್ದಲನ್ನು ಬೆಂಕಿಗೆ ಹಾಕಿದೊಡನೆ ಅದರ ಅನಿಲವು ಎದ್ದು, ಸಾಕಷ್ಟು ಗಾಳಿಯೂ ಬಿಸಿಯೂ ಸಿಗುವುದಕ್ಕೆ ಮೊದಲೇ ಕೊಳವೆಗಳೊಳಕ್ಕೆ ನುಗ್ಗಿ ತಣ್ಣಗಾಗಿ ಮಸಿಯಾಗುತ್ತದೆ. ಕುಲುಮೆಯೊಳಗೆ ಇಟ್ಟಿಗೆಯ ಒಂದು ಕಮಾನನ್ನು ಕಟ್ಟಿದರೆ ಜ್ವಾಲೆಯು ಸುತ್ತಿ ಬರಬೇಕಾಗುತ್ತದೆ. ಇಟ್ಟಿಗೆಯು ಕೆಂಪಾಗಿ ಕಾದಿರುತ್ತದೆ. ಬಾಗಿಲಲ್ಲಿಟ್ಟ ಒಂದು ಓರೆ ತಗಡು ಗಾಳಿಯನ್ನು ಬೆಂಕಿಯ ಕಡೆಗೆ ತಿರುಗಿಸುತ್ತದೆ. ಅನಿಲವು ಅಲ್ಲಿಯೇ ಉರಿದುಹೋಗುತ್ತದೆ. ಇದಕ್ಕೆ ಬೇಕಾದುದು ಕೆಲವು ಇಟ್ಟಿಗೆ, ಒಂದು ತಗಡು, ಮತ್ತು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಇದ್ದಲು ಹಾಕುವ ತಾಳ್ಮೆಯುಳ್ಳ ಬೆಂಕಿಯಾಳು. ಹೊಗೆ ಕಂಡಲ್ಲಿ ಬೆಂಕಿಯುಂಟೆಂದು ಊಹಿಸುವ ತಾರ್ಕಿಕರ ಉದಾಹರಣೆಯನ್ನು ಉಡುಪಿಯ ಮಠಗಳ ನೆರಳಲ್ಲಿ ಬೆಳೆದವರೆಲ್ಲ ಕೇಳಿದ್ದೇವೆ. ರೈಲ್ವೆಯ ವಿಷಯದಲ್ಲಿ ಅನುಮಾನವು ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗತಕ್ಕದ್ದು: ಹೊಗೆ ಕಂಡಲ್ಲಿ ಕೆಟ್ಟ ಬೆಂಕಿಯುಂಟು, ಕೆಟ್ಟ ಬೆಂಕಿಯಿರುವಲ್ಲಿ ಅಸಡ್ಡೆಯುಂಟು.

ಹೊಗೆಗೆ ಹೀಗಾದರೆ ಕಿಡಿಗೆ? ಸಿಲಿಂಡರಿನಿಂದ ಹೊರಬೀಳುವ ಉಗಿಯು ಚಿಮಣಿಯಲ್ಲಿ ಗಾಳಿಯನ್ನು ರಭಸದಿಂದ ಸೆಳೆಯುವಾಗ ಕೆಂಡದ ಚೂರುಗಳೂ ಹಾರಿಬರುತ್ತವೆ. ಅದಕ್ಕೆ ತಂತಿಯ ಬಲೆಯನ್ನು ಅಡ್ಡ ಕಟ್ಟುವುದು ಹಳೆಯ ಉಪಾಯ. ಬಲೆ ಸಣ್ಣಗಾದಷ್ಟೂ ಕಿಡಿ ಕಡಿಮೆ. ಆದರೆ ಗಾಳಿಯ ಸೆಳೆತವೂ ಕಡಿಮೆಯಾಗಿ ಇದ್ದಲು ಹೆಚ್ಚು ಖರ್ಚಾಗುತ್ತದೆ. ಪ್ರಯಾಣಿಕನ ಕಣ್ಣು ಮುಖ್ಯವೋ ಇದ್ದಲಿನ ಲೆಕ್ಕವು ಮುಖ್ಯವೋ ಎಂಬ ಪ್ರಶ್ನೆಗೆ ಬಲೆಯ ಕಣ್ಣಿನ ಅಳತೆಯೇ ಉತ್ತರ.

ಇನ್ನು ನ್ಯಾಯಾಲಯಗಳು ಏನು ಹೇಳಿದುವು? ನಮ್ಮ ವೃತ್ತಿಯವರಿಗೆ ಇದು ಪರಿಚಿತ ವಿಷಯ. 1860ರ ವಾಘನ್ ಮತ್ತು ಟಾಫ್‌ವೇಲ್ ರೈಲ್ವೆಯ ವ್ಯಾಜ್ಯದಲ್ಲಿ ಕಿಡಿ ಬಿದ್ದು ಒಬ್ಬನ ತೋಪು ಸುಟ್ಟಿತು. ಶಾಸನದ ಅಪ್ಪಣೆಯಿಂದ ಓಡುವ ಯಂತ್ರವು ಅಸಡ್ಡೆಯಿಲ್ಲದೆ ಮಾಡಿದ ಹಾನಿಗೆ ಕಂಪೆನಿಯು ಹೊಣೆಯಲ್ಲವೆಂದು ತೀರ್ಪಾಯಿತು. 1869ರಲ್ಲಿ ಹ್ಯಾಮರ್‌ಸ್ಮಿತ್ ರೈಲ್ವೆಯ ವ್ಯಾಜ್ಯದಲ್ಲಿ ಪ್ರಭುಸಭೆಯು ಇದೇ ದಾರಿಯಲ್ಲಿ ಮುಂದೆ ಹೋಗಿ, ರೈಲಿನ ಓಡಾಟದಿಂದಲೇ ಹುಟ್ಟುವ ಉಪದ್ರವಕ್ಕೆ ನೆರೆಯವನು ಪರಿಹಾರವನ್ನು ಕೇಳುವಂತಿಲ್ಲವೆಂದಿತು. ಶಾಸನವು ಅಪ್ಪಣೆಕೊಟ್ಟಿದೆ, ಆದುದರಿಂದ ನೀನು ಸಹಿಸು! ಆದರೆ ಟಾಫ್‌ವೇಲಿನ ತೀರ್ಪಿನಲ್ಲಿ ಅಡಗಿದ್ದ ಒಂದು ಷರತ್ತನ್ನು ಕಂಪೆನಿಗಳ ವಕೀಲರು ಮೆಲ್ಲಗೆ ಓದುತ್ತಿದ್ದರು: ತಿಳಿದಿರುವ ಮುನ್ನೆಚ್ಚರಿಕೆಗಳನ್ನೆಲ್ಲ ಕಂಪೆನಿಯು ಕೈಕೊಂಡಿದ್ದರೆ ಮಾತ್ರ ಈ ರಕ್ಷೆ. ಉಪಾಯವು ತಿಳಿದಿದ್ದೂ ಮಾಡದವನಿಗೆ ಅಂದೂ ರಕ್ಷೆಯಿರಲಿಲ್ಲ.

ಈಗ ನಮ್ಮ ಕರಾವಳಿಗೆ ಬರೋಣ. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಮರುವರ್ಷ ಅದು ಸೌತ್ ಇಂಡಿಯನ್ ರೈಲ್ವೆಯ ಕೈಸೇರಿತು. ಆ ಕಂಪೆನಿಯ ಕಛೇರಿ ತಿರುಚನಾಪಳ್ಳಿಯಲ್ಲಿ, ಆಡಳಿತ ಮಂಡಳಿಯು ಲಂಡನಿನಲ್ಲಿ. ಕಾರ್ಕಳದವನೋ ಕಾಪುವಿನವನೋ ಹೈಕೋರ್ಟಿನ ಕೆಲಸಕ್ಕಾಗಿ ಮದರಾಸಿಗೆ ಹೋಗಬೇಕಾದರೆ, ರಸ್ತೆಯನ್ನೂ ಹೊಳೆಯ ಕಡವುಗಳನ್ನೂ ದಾಟಿ ಮಂಗಳೂರನ್ನು ಮುಟ್ಟಿ, ಕಾಸರಗೋಡು, ಕಣ್ಣಾನೂರು, ಕಲ್ಲಿಕೋಟೆ, ಶೋರನೂರುಗಳ ಮೇಲಿಂದ ಪಾಲ್ಘಾಟಿನ ಕಂಡಿಯನ್ನು ಹಾದು ಈರೋಡು, ಜೋಲಾರ್‌ಪೇಟೆಗಳ ದಾರಿ ಹಿಡಿಯಬೇಕಾಗಿತ್ತು. ಬೆಂಗಳೂರಿಗೆ ರೈಲಿನಲ್ಲಿಯೇ ಹೋಗುವೆನೆಂದರೂ ಅದೇ ಗತಿ: ಒಂದು ಕನ್ನಡ ಊರಿನಿಂದ ಇನ್ನೊಂದು ಕನ್ನಡ ಊರಿಗೆ ಮಲೆಯಾಳ, ತಮಿಳು ಸೀಮೆಗಳನ್ನು ಪ್ರದಕ್ಷಿಣೆ ಮಾಡಬೇಕು. ಮೈಲಿ ಹೆಚ್ಚಿದಷ್ಟೂ ನುಂಗುವ ಹೊಗೆಯೂ ಹೆಚ್ಚು. ಪ್ರಾಂತವು ಹರಿದು ಹಂಚಿಹೋದುದರ ಫಲವನ್ನು ಭೂಪಟದ ಮೇಲೆ ಹುಡುಕಬೇಕಾಗಿರಲಿಲ್ಲ. ಅಂಗಿಯ ಕಾಲರಿನ ಮೇಲೆಯೇ ಓದಬಹುದಾಗಿತ್ತು.

ಬಂಡಿಯೊಳಗಣ ವ್ಯವಸ್ಥೆಯಾದರೋ ಮನುಷ್ಯರನ್ನು ಕಂಡು ಮಣೆಹಾಕುವಂತಹದು. ಮೊದಲನೆಯ ತರಗತಿಯ ಕಿಟಕಿಗೆ ಮೂರು ಪದರ: ಗಾಜು, ಸಣ್ಣ ತಂತಿಯ ಬಲೆ, ಮರದ ಜಾಲರಿ. ಧೂಳೆದ್ದರೆ ಗಾಜು, ಕಿಡಿ ಬಂದರೆ ಬಲೆ, ಬಿಸಿಲಾದರೆ ಜಾಲರಿ. ಉತ್ತರದ ಬಯಲುಗಳಲ್ಲಿ ಲಾವಂಚದ ತಟ್ಟಿಗಳಿಗೆ ನೀರನ್ನು ಹನಿಸಿ ಸಾಹೇಬರಿಗೆ ತಂಪು ಗಾಳಿಯನ್ನೂ ಒದಗಿಸಿದರು. ಆ ಒದ್ದೆ ಬೇರುಗಳು ಧೂಳನ್ನೂ ಹಿಡಿಯುತ್ತಿದ್ದವು. ಮೂರನೆಯ ತರಗತಿಯವನಿಗೆ ಒಂದೇ ಮರದ ಮುಚ್ಚಳ. ಮುಚ್ಚಿದರೆ ಉಸಿರು ಕಟ್ಟುವುದು, ತೆರೆದರೆ ಬೂದಿ ಸುರಿಯುವುದು. ರೈಲ್ವೆಗಳ ಹುಟ್ಟುವಳಿಯ ದೊಡ್ಡ ಪಾಲನ್ನು ಕೊಡುತ್ತಿದ್ದವನು ಇವನೇ ಎಂಬುದನ್ನು ಇಲ್ಲಿ ನೆನೆಯಬೇಕು. 1917ರಲ್ಲಿ ಗಾಂಧೀಜಿಯವರು ಮುಂಬಯಿಯಿಂದ ಮದರಾಸಿಗೆ ಮೂರನೆಯ ತರಗತಿಯಲ್ಲಿ ಪ್ರಯಾಣಮಾಡಿ, ದಾರಿಯುದ್ದಕ್ಕೂ ಡಬ್ಬಿಯನ್ನು ಒಮ್ಮೆಯಾದರೂ ಗುಡಿಸಲಿಲ್ಲವೆಂದೂ ಕಾಲಿಟ್ಟಲ್ಲೆಲ್ಲ ಕೊಳೆಯನ್ನು ತುಳಿಯಬೇಕಾಯಿತೆಂದೂ ಬರೆದರು. ಒಂದು ಕಸಬರಿಕೆಗೆ ಯಾವ ವಿಜ್ಞಾನವು ಬೆಳೆಯಬೇಕಾಗಿತ್ತು?

ಹೊರಗಣ ಧೂಳಿಗೂ ಮದ್ದಿತ್ತು. ಕಂಬಿಯ ಅಡಿಗೆ ಮಣ್ಣು ಮರಳುಗಳನ್ನು ತುಂಬಿದರೆ ಓಡುವ ಬಂಡಿಯು ಅದನ್ನು ಎಬ್ಬಿಸಿ ತನ್ನೊಳಕ್ಕೇ ಸೆಳೆದುಕೊಳ್ಳುತ್ತದೆ. ಒಡೆದ ಗಟ್ಟಿ ಜಲ್ಲಿಯನ್ನು ತುಂಬಿದರೆ ಏಳುವುದು ಸ್ವಲ್ಪ. ಅಮೆರಿಕದ ಕೆಲವು ದಾರಿಗಳಲ್ಲಿ ಹಳಿಯ ಪಕ್ಕಗಳಿಗೆ ಎಣ್ಣೆಯನ್ನು ಚಿಮುಕಿಸುತ್ತಿದ್ದರು. ಅಲ್ಲಿಯ ಲಾಕವಾನಾ ರೈಲ್ವೆಯಂತೂ ಹೊಗೆ ಕಡಿಮೆಯಾದ ಆಂತ್ರಸೈಟ್ ಇದ್ದಲನ್ನು ಉರಿಸಿ, ಬಿಳಿಯ ಉಡುಪಿನ 'ಫೀಬಿ ಸ್ನೋ' ಎಂಬ ಕಲ್ಪಿತ ಸ್ತ್ರೀಯ ಚಿತ್ರವನ್ನು ಜಾಹೀರಾತಿನಲ್ಲಿ ಅಚ್ಚುಹಾಕಿ, ನಮ್ಮ ಬಂಡಿಯಲ್ಲಿ ಇವಳ ಸೀರಗಿಗೂ ಮಸಿ ತಾಗದೆಂದು ಸಾರಿತು. ಇಲ್ಲಿ ಮಾತ್ರ ನಮ್ಮ ಸ್ವಯಂಸೇವಕರು ಬಿಳಿಯ ಖಾದಿಯನ್ನುಟ್ಟು ಬಂಡಿಯೇರಿ ಬೂದುಬಣ್ಣದ ಖಾದಿಯಲ್ಲಿ ಇಳಿದರೆ ಅದು ವಿಧಿಯೆಂದು ಎಣಿಸಿಕೊಳ್ಳಬೇಕಾಗಿತ್ತು.

ಹಾಗಾದರೆ ಹೊಗೆಯು ಎಲ್ಲಿ ಹೋಯಿತು, ಯಾವಾಗ ಹೋಯಿತು? ದೊಡ್ಡವರಿಗೆ ತೊಂದರೆಯಾದಲ್ಲಿ ಬೇಗ ಹೋಯಿತು. 1902ರ ಜನವರಿ 8ರಂದು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಹೊಗೆ ಉಗಿಗಳು ಕವಿದು ಸಂಕೇತವು ಕಾಣದೆ ಎರಡು ರೈಲುಗಳು ಢಿಕ್ಕಿಹೊಡೆದು 15 ಮಂದಿ ಸತ್ತರು. ಮರುವರ್ಷವೇ ಶಾಸನವಾಗಿ, 1908ರ ಜುಲೈಯಿಂದ ಆ ದಾರಿಯಲ್ಲಿ ಉಗಿಯಂತ್ರವೇ ನಿಷಿದ್ಧವಾಯಿತು, ವಿದ್ಯುತ್ತು ಬಂತು. ನಮ್ಮ ದೇಶದಲ್ಲಿ ಕಲ್ಕತ್ತೆಗೆ 1905ರಲ್ಲಿ, ಮುಂಬಯಿಗೆ 1912ರಲ್ಲಿ ಹೊಗೆಯ ಉಪದ್ರವವನ್ನು ತಡೆಯುವ ಶಾಸನಗಳಾದವು. ಅವು ಆ ಮಹಾನಗರಗಳ ಆಕಾಶವನ್ನು ಕಾಯಲು ಹುಟ್ಟಿದುವು. ವಿದ್ಯುತ್ತಿನ ಮೊದಲ ರೈಲು ಓಡಿದುದೂ ಮುಂಬಯಿಯಲ್ಲಿಯೇ, 1925ರ ಫೆಬ್ರವರಿ 3ರಂದು. ಬಡವರ ಬಂಡಿಯ ಪಾಡೇನು? 1944ರ ಮಾರ್ಚಿಯಲ್ಲಿ ಇಟಲಿಯ ಬಾಲ್ವಾನೋ ಎಂಬಲ್ಲಿ ಕೀಳು ಇದ್ದಲನ್ನು ಉರಿಸುತ್ತಿದ್ದ ರೈಲೊಂದು ಸುರಂಗದಲ್ಲಿ ನಿಂತು, ಯುದ್ಧಕಾಲದ ಹಸಿವಿನಿಂದ ಆಹಾರವನ್ನು ಹುಡುಕಹೊರಟ 500ಕ್ಕೂ ಹೆಚ್ಚು ಮಂದಿ ಕುಳಿತಲ್ಲಿಯೇ ವಿಷದ ಹೊಗೆಗೆ ಸಿಕ್ಕಿ ಸತ್ತರು.

ಉಡುಪಿಗೆ ರೈಲು ಬಂದುದು ಮಂಗಳೂರಿಗೆ ಬಂದ 86 ವರ್ಷಗಳ ತರುವಾಯ, 1993ರ ಮಾರ್ಚಿಯಲ್ಲಿ. ಇಂದ್ರಾಳಿಯ ನಿಲ್ದಾಣದಲ್ಲಿ ನಿಂತುದು ಡೀಸೆಲಿನ ಬಂಡಿ. 1998ರಲ್ಲಿ ಕೊಂಕಣ ರೈಲ್ವೆಯು ಪೂರ್ತಿಯಾಯಿತು. 2022ರಲ್ಲಿ ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿಲೋಮೀಟರಿನ ಮೇಲೆ ವಿದ್ಯುತ್ತಿನ ತಂತಿಯನ್ನು ಎಳೆದು ಮುಗಿಸಿ ಉತ್ಸವ ಮಾಡಿದರು. ಕಾರ್ಕಳಕ್ಕೆ ಇಂದಿಗೂ ರೈಲಿಲ್ಲ. ಅದು ಬೇರೆ ದಿನ ಬರೆಯಬೇಕಾದ ಮಾತು. ಮಣಿಪಾಲದ ವಿದ್ಯಾರ್ಥಿಯು ಇಂದು ಬಿಳಿಯಂಗಿಯಲ್ಲಿ ಬಂಡಿ ಹತ್ತಿ ಬಿಳಿಯಂಗಿಯಲ್ಲಿಯೇ ಇಳಿಯುತ್ತಾನೆ. ಒಳ್ಳೆಯದು. ಆದರೆ ಅವನ ಬಂಡಿಯು ಪಡುಬಿದ್ರಿಯನ್ನು ದಾಟುವಾಗ ಅವನು ಕಿಟಕಿಯಿಂದ ಹೊರಗೆ ನೋಡಲಿ.

ಕಾಪು ತಾಲೂಕಿನ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳುಳ್ಳ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿದೆ. ಅದಕ್ಕಾಗಿ ಪರದೇಶದ ಕಲ್ಲಿದ್ದಲು ಪಣಂಬೂರಿನ ಬಂದರಿನಲ್ಲಿ ಇಳಿದು ಇದೇ ಕಂಬಿಯ ಮೇಲೆ ಬರುವಂತೆ ಏರ್ಪಾಡಾಯಿತು. ಸ್ಥಾವರದಿಂದ ಪರಿಸರಕ್ಕಾದ ಹಾನಿಗಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2022ರಲ್ಲಿ 50 ಕೋಟಿ ರೂಪಾಯಿಗಳಿಗೂ ಮಿಕ್ಕಿದ ಪರಿಹಾರವನ್ನು ವಿಧಿಸಿದುದು ವಾಚಕರಿಗೆ ನೆನಪಿರಬಹುದು. ತೆರೆದ ವ್ಯಾಗನಿನಲ್ಲಿ ಇದ್ದಲನ್ನು ಸಾಗಿಸುವುದು ನಮ್ಮ ರೈಲ್ವೆಗಳ ಹಳೆಯ ರೂಢಿ. ಅಂದು ಯಂತ್ರದ ಇದ್ದಲು ಪ್ರಯಾಣಿಕನ ಕಣ್ಣಿಗೆ ಬೀಳುತ್ತಿತ್ತು. ಈಗ ಬಂಡಿಯ ಇದ್ದಲು ಹಳಿಯ ಪಕ್ಕದವನ ಗದ್ದೆಗೆ, ಬಾವಿಗೆ, ಒಣಗಹಾಕಿದ ಬಟ್ಟೆಗೆ ಬೀಳುವುದೆಂದರೆ, ಮೂರನೆಯ ತರಗತಿಯನ್ನು ಬಂಡಿಯೊಳಗಿಂದ ತೆಗೆದು ಹೊಲದಲ್ಲಿ ಇಟ್ಟಂತಾಯಿತಲ್ಲದೆ ಬೇರೇನು?

ಇದೂ ಅನಿವಾರ್ಯವೆನ್ನುವವರಿಗೆ ಅಮೆರಿಕದ ಬಿ.ಎನ್.ಎಸ್.ಎಫ್. ರೈಲ್ವೆಯ ಉದಾಹರಣೆಯನ್ನು ಕೊಡುತ್ತೇವೆ. ಅಲ್ಲಿ 2005ರಲ್ಲಿ ಇದ್ದಲ ಪುಡಿಯು ಜಲ್ಲಿಯನ್ನು ಕೆಡಿಸಿ ರೈಲುಗಳೇ ಹಳಿತಪ್ಪಿದುವು. 2011ರಿಂದ ಆ ಕಂಪೆನಿಯು, ಇದ್ದಲನ್ನು ವ್ಯಾಗನಿನಲ್ಲಿ ಗಾಳಿಗೆ ತಾಗದಂತೆ ನಯವಾಗಿ ದುಂಡಗೆ ತುಂಬಬೇಕು, ಮೇಲೆ ಅಂಟು ದ್ರವವನ್ನು ಸಿಂಪಡಿಸಿ ಪದರ ಕಟ್ಟಿಸಬೇಕು ಎಂದು ತುಂಬುವವರಿಗೆ ನಿಯಮ ಮಾಡಿತು. ಅಷ್ಟು ಬೇಡವೆಂದರೆ ಟಾರ್ಪಾಲಿನಿದೆ. ಪಣಂಬೂರಿನಿಂದ ಎಲ್ಲೂರಿಗೆ ಇರುವ ದೂರಕ್ಕೆ ಟಾರ್ಪಾಲು ಕಟ್ಟಲಾರದವರು 1860ರಲ್ಲಿ ಇಟ್ಟಿಗೆಯ ಕಮಾನನ್ನು ಕಟ್ಟಲಾರದವರ ವಂಶಸ್ಥರೇ ಸರಿ.

ಕಾನೂನಿನ ನೆವವೂ ಈಗ ಉಳಿದಿಲ್ಲ. ನಿರ್ಮಲವಾದ ಗಾಳಿ ನೀರುಗಳು ಬದುಕುವ ಹಕ್ಕಿನಲ್ಲಿಯೇ ಸೇರಿವೆಯೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು. ಮಲಿನಮಾಡಿದವನೇ ಬೆಲೆ ತೆರತಕ್ಕದ್ದೆಂಬ ತತ್ತ್ವವನ್ನು 1996ರ ವೆಲ್ಲೂರಿನ ವ್ಯಾಜ್ಯದಲ್ಲಿ ಈ ದೇಶದ ಕಾನೂನಾಗಿ ಎತ್ತಿಹಿಡಿಯಿತು. ಹ್ಯಾಮರ್‌ಸ್ಮಿತ್ತಿನ ಪ್ರಭುಗಳ ಮಾತು ನಂದಿಕೂರಿನಲ್ಲಿ ನಡೆಯದು.

ಆದುದರಿಂದ ಎಲ್ಲೂರು, ನಂದಿಕೂರು, ಪಡುಬಿದ್ರಿ, ಇನ್ನಂಜೆಗಳ ಗ್ರಾಮಸ್ಥರು ಮಾಡತಕ್ಕದ್ದಿಷ್ಟು. ಶಾಲೆಯ ಮೇಷ್ಟರೊಬ್ಬರು ಮುಂದಾಗಿ, ಯಾವ ದಿನ, ಯಾವ ಹೊತ್ತು, ಎಷ್ಟು ವ್ಯಾಗನು, ಮುಚ್ಚಿದ್ದೆಷ್ಟು, ತೆರೆದಿದ್ದೆಷ್ಟು ಎಂದು ಒಂದು ತಿಂಗಳು ಬರೆದಿಡಬೇಕು. ಎಲ್ಲವೂ ಮುಚ್ಚಿಯೇ ಬರುತ್ತಿದ್ದರೆ ಸಂತೋಷ, ಹಾಗೆಂದೇ ಬರೆಯಲಿ. ಗಾಳಿಯನ್ನು ಅಳೆದು ಲೆಕ್ಕವನ್ನು ಹಳ್ಳಿಯ ಕಟ್ಟೆಯಲ್ಲಿ ಅಂಟಿಸುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಕೇಳಬೇಕು. ಒಂದೇ ಒಂದು ವ್ಯಾಗನಾದರೂ ತೆರೆದು ಬಂದಿದ್ದರೆ ಆ ಪಟ್ಟಿಯ ಪ್ರತಿಯನ್ನು ರೈಲ್ವೆಗೆ ಕಳುಹಿಸಬೇಕು. ಯಾವ ರೈಲ್ವೆಗೆಂದು ಕೇಳುವಿರಾ? 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯು ಸ್ಥಾಪಿತವಾದಾಗಲೂ ಮಂಗಳೂರನ್ನು ಪಾಲಕ್ಕಾಡಿನ ವಿಭಾಗದಲ್ಲಿಯೇ ಬಿಟ್ಟರು; ತೋಕೂರಿನಿಂದಾಚೆ ಕೊಂಕಣ ರೈಲ್ವೆ, ಅದರ ಪ್ರಧಾನ ಕಛೇರಿಯು ನವಿ ಮುಂಬಯಿಯ ಬೇಲಾಪುರದಲ್ಲಿ. ಎಲ್ಲೂರಿನ ಧೂಳಿನ ಮಾತನ್ನು ಒಂದು ಪ್ರತಿಯಲ್ಲಿ ಕೇರಳಕ್ಕೂ ಇನ್ನೊಂದು ಪ್ರತಿಯಲ್ಲಿ ಮಹಾರಾಷ್ಟ್ರಕ್ಕೂ ಬರೆಯಬೇಕು. ಎರಡನ್ನೂ ಕನ್ನಡದಲ್ಲಿಯೇ ಬರೆಯಿರಿ. ಭಾಷಾಂತರದ ಖರ್ಚು ಅವರದಾಗಲಿ.