ಕಾಗೆಯೋ, ತಾಳೆಹಣ್ಣೋ?

ಹಿಟ್ನಾಳದ ನಂಟರ ಮನೆಯಲ್ಲಿ ಈಚೆಗೆ ಒಂದು ಕೂಸಿನ ತೂಕದ ಮಾತು ಬಂದಿತು. ಹುಟ್ಟಿದಾಗ ಅದು ಎರಡೂವರೆ ಕಿಲೋ ಮುಟ್ಟಿರಲಿಲ್ಲ. ‘ಗ್ರಹಣದಾಗ ಹೊರಗ ಬಂದಿದ್ಲು, ಹೇಳಿದ್ರ ಕೇಳಬೇಕಲ್ಲ’ ಎಂದರು ಅಜ್ಜಿ. ಕಾರ್ಖಾನೆಗಳ ಕರಿಬೂದಿಯೇ ಕಾರಣವೆಂದನು ಮಗ. ಬಡತನವೆಂದರು ನೆರೆಮನೆಯ ಮಾಸ್ತರರು. ಕಾಗೆ ಕುಳಿತುದಕ್ಕೂ ತಾಳೆಹಣ್ಣು ಬಿದ್ದುದಕ್ಕೂ ಸಂಬಂಧವುಂಟೇ ಎಂಬ ನಮ್ಮ ತಾರ್ಕಿಕರ ಹಳೆಯ ಪ್ರಶ್ನೆ ನನಗೆ ನೆನಪಾಯಿತು. ಇದಕ್ಕೆ ಡಚ್ ವಿಜ್ಞಾನಿ ಮಾರ್ಟೈನ್ ಕಾಟಾನ್ 1986ರಲ್ಲಿ ಸೂಚಿಸಿದ ಉಪಾಯವೊಂದುಂಟು. ಅದರ ಪ್ರಯೋಗ ನಮ್ಮ ಮೈಸೂರಿನಲ್ಲಿಯೂ ನಡೆದಿದೆ.

ಹೋಮೋಸಿಸ್ಟೀನ್ ಎಂಬುದು ರಕ್ತದಲ್ಲಿರುವ ಒಂದು ವಸ್ತು. ಬಿ-12, ಫೋಲೇಟ್ ಎಂಬ ಜೀವಸತ್ವಗಳು ಸಾಲದಾದಾಗ ಅದು ಏರುತ್ತದೆ. ಅದು ಏರಿದ ತಾಯಂದಿರ ಕೂಸುಗಳು ಹಗುರವಾಗಿರುವುದು ಕಂಡುಬಂದಿತ್ತು. ಆದರೆ ಅಂಥ ತಾಯಿ ಬಡವಳೂ ಅರೆಹೊಟ್ಟೆಯವಳೂ ಆಗಿರಬಹುದಷ್ಟೆ, ತಪ್ಪು ಯಾವುದರದು? ಇಲ್ಲಿ ವಂಶವಾಹಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಎಂಟಿಎಚ್‌ಎಫ್‌ಆರ್ ಎಂಬ ವಂಶವಾಹಿಯಲ್ಲಿ ಒಂದೇ ಅಕ್ಷರದ ಪಾಠಾಂತರವಿದ್ದವರಲ್ಲಿ ಹೋಮೋಸಿಸ್ಟೀನ್ ಹೆಚ್ಚು. ತಂದೆಯಲ್ಲಿ ಎರಡು ಪ್ರತಿ, ತಾಯಿಯಲ್ಲಿ ಎರಡು; ಒಬ್ಬೊಬ್ಬರಿಂದಲೂ ಒಂದೊಂದು ಮಗುವಿಗೆ ಬರುವುದು ಚೀಟಿ ಎತ್ತಿದಂತೆ. ಆಮೇಲಿನ ಊಟವಾಗಲಿ, ಹೊಗೆಯಾಗಲಿ, ಸಿರಿತನವಾಗಲಿ ಆ ಚೀಟಿಯನ್ನು ತಿದ್ದಲಾರವು. ಆದುದರಿಂದಲೇ ಈ ಸಾಕ್ಷಿಗೆ ಬೆಲೆ.

1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದಿದ್ದ ಗರ್ಭಿಣಿಯರನ್ನೂ ಪುಣೆಯ ಬಳಿಯ ಹಳ್ಳಿಗಳ ಗರ್ಭಿಣಿಯರನ್ನೂ ಈ ದೃಷ್ಟಿಯಿಂದ ಪರಿಶೀಲಿಸಿದ ಚಿತ್ತರಂಜನ್ ಯಾಜ್ಞಿಕ್ ಮೊದಲಾದವರು 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಪಾಠಾಂತರವುಳ್ಳ ತಾಯಂದಿರ ಕೂಸುಗಳ ತೂಕವೂ ಕಡಿಮೆಯಿತ್ತು. ಹೋಮೋಸಿಸ್ಟೀನು ಬರಿಯ ಕಾಗೆಯಲ್ಲ ಎನ್ನಲು ಇದು ಆಧಾರ.

ಸಾಕ್ಷಿಗೆ ಪಾಟೀಸವಾಲೂ ಬೇಕು. ಒಂದು ವಂಶವಾಹಿ ಬೇರೊಂದು ದಾರಿಯಿಂದಲೂ ಕೆಲಸಮಾಡೀತು. ಅದೇ ವರ್ಷ ಬೆಂಗಳೂರಿನ ಸಂಶೋಧಕರು ವರದಿಮಾಡಿದ ಪ್ರಯೋಗದಲ್ಲಿ ಗರ್ಭಿಣಿಯರಿಗೆ ದಿನವೂ 50 ಮೈಕ್ರೋಗ್ರಾಂ ಬಿ-12 ಕೊಡಲಾಗಿತ್ತು. ರಕ್ತದಲ್ಲಿ ಜೀವಸತ್ವ ಏರಿತು, ಕೂಸಿನ ತೂಕದಲ್ಲಿ ಮಾತ್ರ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಕಾರಣ ತಿಳಿದೊಡನೆ ಮದ್ದು ಕೈಗೆ ಬಂತೆಂದು ಹಿಗ್ಗುವವರು ಇದನ್ನು ಗಮನಿಸಬೇಕು. ಇನ್ನು, ಇದರಿಂದ ಕರಿಬೂದಿಗೆ ಖುಲಾಸೆ ದೊರೆಯಿತೆಂದು ಕಾರ್ಖಾನೆಯವರು ತಿಳಿಯುವುದು ಬೇಡ. ಅದರ ವಿಚಾರಣೆಯೇ ಬೇರೆ.

ಆದರೂ ಒಂದು ಮಾತು. ಗರ್ಭಿಣಿಯರಿಗೆ ಸರಕಾರ ಕೊಡುವ ಗುಳಿಗೆಯಲ್ಲಿ ಕಬ್ಬಿಣವಿದೆ, ಫೋಲಿಕ್ ಆಮ್ಲವಿದೆ, ಬಿ-12 ಇಲ್ಲ. ರೊಟ್ಟಿ, ಪುಂಡಿಪಲ್ಯಗಳಲ್ಲಿಯೂ ಅದಿಲ್ಲ. ಹಾಲು, ತತ್ತಿ, ಮೀನು, ಮಾಂಸಗಳಲ್ಲಿದೆ. ಇದನ್ನು ಅಜ್ಜಿಗೆ ವಿವರಿಸಿದೆ. ‘ಹಂಗಾದ್ರ ನಾಳಿಂದ ಆಕಿಗಿ ಒಂದ್ ಬಟ್ಟಲ ಮಸರು ಹೆಚ್ಚಿಗಿ ಹಾಕ್ತೀನಿ’ ಎಂದರು. ಗ್ರಹಣದ ಮಾತನ್ನು ಮಾತ್ರ ಬಿಟ್ಟುಕೊಡಲಿಲ್ಲ.